ಬೆಟ್ಟದ ಬುಡದಲ್ಲಿದ್ದೂ ಮಳೆಯಿಲ್ಲದ ವೆನ್ಯಾಚಿ

ಅಮೆರಿಕದ ವಾಷಿಂಗ್ಟನ್ ರಾಜ್ಯದ ವೆನ್ಯಾಚಿ ಕ್ಯಾಸ್ಕೇಡ್ ಬೆಟ್ಟಗಳ ಮಗ್ಗುಲಲ್ಲೇ ಇದ್ದರೂ ಅಲ್ಲಿ ಮಳೆ ಯಾಕಿಲ್ಲ, ಮಳೆಯಿಲ್ಲದೆ ಸೇಬು ಹೇಗೆ ಬೆಳೆಯುತ್ತಾರೆ ಅಂತ ಕೇಳಿದ್ದೀರಿ. ಎರಡಕ್ಕೂ ಕಾರಣ ಆ ಬೆಟ್ಟಗಳೇ. ಪೆಸಿಫಿಕ್ ಕಡೆಯಿಂದ ಬರುವ ಮೋಡಗಳು ಪಶ್ಚಿಮದ ಇಳಿಜಾರಿನಲ್ಲೇ ಸುರಿದು ಬರಿದಾಗುತ್ತವೆ. ಪೂರ್ವಕ್ಕಿರುವ ಈ ಊರಿಗೆ ವರ್ಷಕ್ಕೆ ಸಿಗುವುದು ಸುಮಾರು 9 ಇಂಚು ಅಷ್ಟೇ. ಆದರೆ ಬೆಟ್ಟದ ಮೇಲೆ ಚಳಿಗಾಲದಲ್ಲಿ ಬಿದ್ದ ಹಿಮ ಕರಗಿ ವೆನ್ಯಾಚಿ ನದಿಗೆ ಇಳಿಯುತ್ತದೆ.

1903ರಲ್ಲಿ ಹೈಲೈನ್ ಕಾಲುವೆ ಬಂದ ಮೇಲೆಯೇ ಕುರುಚಲು ನೆಲ ತೋಟವಾಯಿತು. 1908ರಲ್ಲಿ ಕೊಲಂಬಿಯಾ ನದಿಗೆ ಕಟ್ಟಿದ ಸೇತುವೆಯ ಮೇಲೆ ಗಾಡಿಗಳ ಜೊತೆ ನೀರಿನ ಪೈಪನ್ನೂ ಹಾಯಿಸಿ ಆಚೆ ದಡಕ್ಕೂ ನೀರು ಕೊಟ್ಟರು. ಈ ಊರಿನ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದು.

ಮಳೆ ಕಡಿಮೆ ಇರುವುದು ಸೇಬಿಗೆ ಒಳ್ಳೆಯದೇ. ಎಲೆ ಒಣಗಿದ್ದರೆ ಶಿಲೀಂಧ್ರ ರೋಗ ಕಡಿಮೆ, ಕೊಯ್ಲಿಗೆ ಮುಂಚಿನ ತಂಪು ರಾತ್ರಿಗಳಲ್ಲಿ ಹಣ್ಣಿಗೆ ಕೆಂಪು ಚೆನ್ನಾಗಿ ಏರುತ್ತದೆ. ನಿಜವಾದ ಭಯ ಹೂ ಬಿಟ್ಟಾಗಿನ ಕಡುಚಳಿಯದು. ಆ ರಾತ್ರಿಗಳಲ್ಲಿ ತೋಟದ ದೊಡ್ಡ ಫ್ಯಾನ್‌ಗಳು ಮೇಲಿನ ಬೆಚ್ಚನೆಯ ಗಾಳಿಯನ್ನು ಕೆಳಕ್ಕೆ ತಳ್ಳುತ್ತವೆ.

ಹೋಗುವುದಾದರೆ ಏಪ್ರಿಲ್ ಕೊನೆಗೆ ಹೋಗಿ, ಆಗ ಸೇಬಿನ ಹೂವಿನ ಹಬ್ಬ ಇರುತ್ತದೆ. ಆಗಸ್ಟಿನಲ್ಲಾದರೆ ಕಾಡ್ಗಿಚ್ಚಿನ ಹೊಗೆ ಕಣಿವೆಯಲ್ಲಿ ತುಂಬಿಕೊಂಡಿರಬಹುದು.