ಸಂಪಾದಕರ ಉತ್ತರ: ಸಿಗ್ನಲ್ ಹೋಗಿರಲಿಲ್ಲ

ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಅದರ ತಿರುಳು ಇಷ್ಟು:

"ರಿಮೋಟಿನಲ್ಲಿ ಹಾರಿಸುವ ಫೋಮ್ ವಿಮಾನ ಕೊಂಡೆ. ವಿಡಿಯೋ ನೋಡಿಯೇ ಕಲಿತೆ. ಖಾಲಿ ಬಯಲಿನಲ್ಲಿ ಒಬ್ಬನೇ ಹಾರಿಸುತ್ತಿದ್ದೆ. ಮೂರನೇ ಸಲ ಅದು ದೂರ ಹೋಗಿ, ತಿರುಗಿ ನನ್ನ ಕಡೆಗೆ ಬರುವಾಗ ರೆಕ್ಕೆ ಬಾಗಿತು. ಸರಿ ಮಾಡೋಣ ಎಂದು ಸ್ಟಿಕ್ ತಳ್ಳಿದೆ. ಇನ್ನೂ ಬಾಗಿತು. ಸಿಗ್ನಲ್ ಹೋಗಿ, ಮೋಟರ್ ಕಿರುಚುತ್ತಲೇ ನೆಲಕ್ಕೆ ಬಡಿಯಿತು. ಇಂಥ ವಿಮಾನ ಹಾರಿಸುವವರ ಕ್ಲಬ್ ಸೇರು ಎನ್ನುತ್ತಾರೆ ಗೆಳೆಯರು. ಕ್ಲಬ್ ಅಂದರೆ ಚಂದಾ, ನಿಯಮ, ಹಿರಿಯರ ಉಪದೇಶ. ಎಲ್ಲವೂ ವಿಡಿಯೋದಲ್ಲಿ ಸಿಗುವಾಗ ಕ್ಲಬ್ ಯಾಕೆ ಬೇಕು? ಹೊಸ ವಿಮಾನಕ್ಕಾಗಿ ಬ್ಯಾಟರಿಗಳನ್ನು ಫುಲ್ ಚಾರ್ಜ್ ಮಾಡಿ ಕಪಾಟಿನಲ್ಲಿ ಇಟ್ಟುಕೊಂಡು ಕಾಯುತ್ತಿದ್ದೇನೆ. 13 ವರ್ಷದ ಮಗಳೂ ತಾನು ಹಾರಿಸುತ್ತೇನೆ ಎನ್ನುತ್ತಿದ್ದಾಳೆ."

ಪ್ರಿಯ ಓದುಗರೇ,

ಮೊದಲು ನಿಮ್ಮ ವಿಮಾನದ ಮರಣೋತ್ತರ ಪರೀಕ್ಷೆ ಮುಗಿಸಿಬಿಡೋಣ. ಬೇಜಾರು ಮಾಡಿಕೊಳ್ಳಬೇಡಿ, ಸಿಗ್ನಲ್ ಹೋಗಿರಲಿಲ್ಲ. ಅದಕ್ಕೆ ಸಾಕ್ಷಿ ನಿಮ್ಮ ಪತ್ರವೇ. ನೀವು ಸ್ಟಿಕ್ ತಳ್ಳಿದಿರಿ, ರೆಕ್ಕೆ ಇನ್ನೂ ಬಾಗಿತು. ಅಂದರೆ ವಿಮಾನ ನಿಮ್ಮ ಮಾತು ಕೇಳುತ್ತಿತ್ತು. ನೀವು ಹೇಳಿದ್ದನ್ನೇ ಮಾಡಿತು. ಇನ್ನೊಂದು ಸುಳಿವು, ಮೋಟರ್ ಕಡೆಯವರೆಗೂ ಕಿರುಚುತ್ತಿತ್ತು ಎಂದಿದ್ದೀರಿ. ವಿಮಾನದೊಳಗೆ ಕೂತು ಸಿಗ್ನಲ್ ಹಿಡಿಯುವ ಈಗಿನ ರಿಸೀವರ್‌ಗಳಲ್ಲಿ ಫೇಲ್‌ಸೇಫ್ ಅಂತ ಒಂದು ವ್ಯವಸ್ಥೆ ಇರುತ್ತದೆ. ಅದನ್ನು ಸರಿಯಾಗಿ ಹೊಂದಿಸಿದ್ದರೆ, ಸಿಗ್ನಲ್ ತಪ್ಪಿದ ಕೂಡಲೇ ಮೋಟರ್ ನಿಲ್ಲುತ್ತದೆ. ನಿಮ್ಮದು ನಿಲ್ಲಲಿಲ್ಲ. (ಫೇಲ್‌ಸೇಫ್ ಹೊಂದಿಸಿಯೇ ಇರಲಿಲ್ಲವಾ? ಹಾಗಾದರೆ ಅದು ಬೇರೆಯೇ ಚಿಂತೆ.)

ಆದದ್ದು ಇಷ್ಟೇ. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಎಡವೂ ನಮ್ಮ ಎಡವೂ ಒಂದೇ. ತಿರುಗಿ ನಮ್ಮ ಕಡೆ ಬರುವಾಗ ಎಡಬಲ ಅದಲುಬದಲು. ಬುದ್ಧಿಗೆ ಇದು ಗೊತ್ತು, ಹೆಬ್ಬೆರಳಿಗೆ ಗೊತ್ತಿಲ್ಲ. ಹೊಸಬರ ವಿಮಾನಗಳಲ್ಲಿ ಎಷ್ಟೋ ಬಿದ್ದದ್ದು ಇದೇ ಗೊಂದಲದಿಂದ. ಇದಕ್ಕೊಂದು ಹಳೆಯ ಉಪಾಯ ಇದೆ. ವಿಮಾನ ನಿಮ್ಮ ಕಡೆ ಬರುವಾಗ ಯಾವ ರೆಕ್ಕೆ ಕೆಳಗೆ ಬಾಗಿದೆಯೋ, ಸ್ಟಿಕ್ ಅನ್ನು ಅದೇ ಕಡೆಗೆ ತಳ್ಳಿ. ಬಾಗಿದ ರೆಕ್ಕೆಗೆ ಸ್ಟಿಕ್‌ನಿಂದ ಊರುಗೋಲು ಕೊಟ್ಟ ಹಾಗೆ. ಎಡ, ಬಲ ಅಂತ ಯೋಚನೆಯನ್ನೇ ಮಾಡಬೇಡಿ.

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ನಿಮಗೆ ಹೇಳುತ್ತಿಲ್ಲ, ನನಗೇ ಹೇಳಿಕೊಳ್ಳುತ್ತಿದ್ದೇನೆ. ನಾನೂ ಮೊದಲ ಎರಡು ವಿಮಾನಗಳನ್ನು ಒಬ್ಬನೇ ಮುರಿದವನು. ಎರಡು ಸಲವೂ "ಸಿಗ್ನಲ್ ಹೋಯ್ತು" ಅಂದವನು. ಹಾಗಲ್ಲ ಎಂದು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಮೂರನೆಯದನ್ನೂ ಅದೇ ತಪ್ಪಿಗೆ ಬಲಿ ಕೊಡಲು ತಯಾರಾಗಿದ್ದೆ.

ಹಿಂದೆ ಈ ಸಬೂಬಿಗೆ ಸ್ವಲ್ಪ ಬೆಲೆ ಇತ್ತು ಬಿಡಿ. 35 ಅಥವಾ 72 ಮೆಗಾಹರ್ಟ್ಸ್ ರೇಡಿಯೋಗಳ ಕಾಲದಲ್ಲಿ ಒಂದೇ ಚಾನೆಲ್ಲಿನಲ್ಲಿ ಇಬ್ಬರು ಟ್ರಾನ್ಸ್‌ಮಿಟರ್ (ಅಂದರೆ ಕೈಯಲ್ಲಿ ಹಿಡಿಯುವ ರಿಮೋಟ್) ಆನ್ ಮಾಡಿದರೆ ಮೇಲಿದ್ದ ವಿಮಾನ ಬೀಳುತ್ತಿತ್ತು. ಅದಕ್ಕೇ ಮೈದಾನದಲ್ಲಿ ಒಂದು ಹಲಗೆ, ಚಾನೆಲ್ಲಿಗೊಂದು ಕ್ಲಿಪ್. ಕ್ಲಿಪ್ ಯಾರ ಕೈಯಲ್ಲಿದೆಯೋ ಅವರೇ ಹಾರಿಸಬೇಕು. ಆಗ ಕ್ಲಬ್ ಇಲ್ಲದೆ ಹಾರಿಸುವುದೇ ಕಷ್ಟವಿತ್ತು. 2000ರ ದಶಕದ ನಡುವೆ 2.4 ಗಿಗಾಹರ್ಟ್ಸ್ ರೇಡಿಯೋಗಳು ಬಂದವು. ಈಗ ಪ್ರತಿ ರಿಸೀವರ್ ತನ್ನ ಟ್ರಾನ್ಸ್‌ಮಿಟರ್ ಜೊತೆಗೆ ಮಾತ್ರ ಜೋಡಿಯಾಗುತ್ತದೆ, ಪಕ್ಕದವನ ರೇಡಿಯೋ ಅಡ್ಡ ಬರುವುದು ತೀರಾ ಕಡಿಮೆ. ಹಲಗೆ ಹೋಯಿತು, ಕ್ಲಿಪ್ ಹೋಯಿತು. ಹಾಗಾದರೆ ಕ್ಲಬ್ಬೂ ಹೋಗಲಿ ಅಂತ ನೀವು ಕೇಳುತ್ತಿದ್ದೀರಿ. ಕೇಳಬೇಕಾದ ಪ್ರಶ್ನೆಯೇ.

ವಿಡಿಯೋದಲ್ಲಿ ಎಲ್ಲವೂ ಸಿಗುತ್ತದೆ ಎಂದಿರಿ. ಒಪ್ಪುತ್ತೇನೆ. ಕಂಪ್ಯೂಟರಿನಲ್ಲೇ ಹಾರಿಸಿ ಕಲಿಯುವ ಸಿಮ್ಯುಲೇಟರ್ ಇನ್ನೂ ಒಳ್ಳೆಯದು, ಬೆರಳು ಪಳಗುತ್ತದೆ, ನೂರು ಸಲ ಬಿದ್ದರೂ ಅಂಟು ಖರ್ಚಾಗುವುದಿಲ್ಲ. ಆದರೆ ವಿಡಿಯೋಗೆ ನಿಮ್ಮ ವಿಮಾನ ಕಾಣುವುದಿಲ್ಲ. ನಮ್ಮ ಬೆನ್ನು ನಮಗೆ ಕಾಣಲ್ಲ, ಅಲ್ವಾ? ಕ್ಲಬ್ಬಿನಲ್ಲಿ ಸಿಗುವುದು ಮುಖ್ಯವಾಗಿ ಇದೇ, ನಿಮ್ಮ ವಿಮಾನವನ್ನು ನೋಡುವ ಇನ್ನೊಂದು ಜೊತೆ ಕಣ್ಣು. ರನ್‌ವೇ, ಶೆಡ್ಡು, ಹರಟೆ ಎಲ್ಲ ಆಮೇಲೆ.

ಒಂದು ಸಲ ಹಳೆಯ ಸರ್ವೋ, ಅಂದರೆ ರೆಕ್ಕೆಯ ಪಟ್ಟಿಯನ್ನು ಆಡಿಸುವ ಪುಟ್ಟ ಮೋಟರ್, ಕೆಟ್ಟು ಹೊಸದು ಹಾಕಿದ್ದೆ. ಏಲೆರಾನ್, ಅಂದರೆ ರೆಕ್ಕೆಯ ಹಿಂದಿನ ಅಂಚಿನ ಆ ಪಟ್ಟಿ, ಮೇಲೆ ಕೆಳಗೆ ಆಡುತ್ತಿತ್ತು. ನೋಡಿ ಖುಷಿಪಟ್ಟು ಮೈದಾನಕ್ಕೆ ಹೋದೆ. ಹಾರಿಸುವ ಮೊದಲು ಕ್ಲಬ್ಬಿನ ಹಿರಿಯರೊಬ್ಬರು ವಿಮಾನದ ಬಾಲದ ಹಿಂದೆ ನಿಂತು, "ಸ್ಟಿಕ್ ಬಲಕ್ಕೆ ತಳ್ಳಿ" ಎಂದರು. ತಳ್ಳಿದೆ. "ಬಲಗಡೆ ಏಲೆರಾನ್ ಮೇಲೇಳಬೇಕು, ನಿಮ್ಮದು ಕೆಳಗಿಳೀತಿದೆ ನೋಡಿ" ಎಂದರು. ಹೊಸ ಸರ್ವೋ ಉಲ್ಟಾ ತಿರುಗುತ್ತಿತ್ತು. ಮನೆಯ ಮೇಜಿನ ಮೇಲೆ ನಾನು ನೋಡಿದ್ದು ಆಡುತ್ತದಾ ಅಂತ ಮಾತ್ರ. ಯಾವ ಕಡೆಗೆ ಆಡುತ್ತದೆ ಅಂತ ನೋಡಿರಲಿಲ್ಲ. ಟ್ರಾನ್ಸ್‌ಮಿಟರಿನಲ್ಲಿ ಒಂದು ಸೆಟ್ಟಿಂಗ್ ಬದಲಿಸಿದರೆ ಮುಗಿಯಿತು, ಅರ್ಧ ನಿಮಿಷದ ಕೆಲಸ. ಹಾಗೇ ಹಾರಿಸಿದ್ದರೆ ಅರ್ಧ ನಿಮಿಷವೂ ಮೇಲೆ ಇರುತ್ತಿರಲಿಲ್ಲ.

ಅವರು ಆಮೇಲೆ ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ವಿಮಾನವನ್ನು ಎತ್ತಿದರು. ಬಾಲ ಕೆಳಗೆ ಜೋತುಬಿತ್ತು. ತೂಕದ ಸಮತೋಲ ಸಾಮಾನ್ಯವಾಗಿ ರೆಕ್ಕೆಯ ಮುಂದಿನ ಅಂಚಿನಿಂದ, ರೆಕ್ಕೆಯ (ಮುಂದಿನಿಂದ ಹಿಂದಕ್ಕೆ ಅಳೆದ) ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದ ಒಳಗೆ ಬರಬೇಕು. ಮೂಗು ಸ್ವಲ್ಪ ಭಾರವಾದರೆ ವಿಮಾನ ಸೋಮಾರಿಯಾಗುತ್ತದೆ. ಬಾಲ ಭಾರವಾದರೆ ಹುಚ್ಚು ಹಿಡಿಯುತ್ತದೆ, ಹಿಡಿತಕ್ಕೆ ಸಿಗುವುದೇ ಇಲ್ಲ. ಬ್ಯಾಟರಿಯನ್ನು ಎರಡು ಬೆರಳಷ್ಟು ಮುಂದೆ ತಳ್ಳಿದರು, ಸರಿಹೋಯಿತು. ಇದೆಲ್ಲ ನಾನು ಓದಿದ್ದೆ. ವಿಡಿಯೋದಲ್ಲೂ ನೋಡಿದ್ದೆ. ಆದರೂ ಅವತ್ತು ಮರೆತಿದ್ದೆ. ಉಪದೇಶ ಅಂತೀರಲ್ಲ, ಅದು ಇದೇ.

ಈಗ ನಿಮ್ಮ ಪತ್ರದ ಇನ್ನೊಂದು ಸಾಲಿಗೆ ಬರುತ್ತೇನೆ. ವಿಮಾನ ಬಿದ್ದದ್ದಕ್ಕಿಂತ ನನ್ನನ್ನು ಹೆದರಿಸಿದ್ದು ಅದೇ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಗಳನ್ನು ಫುಲ್ ಚಾರ್ಜ್ ಮಾಡಿ ಕಪಾಟಿನಲ್ಲಿ ಇಟ್ಟಿದ್ದೇನೆ ಎಂದು ಎಷ್ಟು ನಿರಾಳವಾಗಿ ಬರೆದಿದ್ದೀರಿ! ಲಿಪೋ ಬ್ಯಾಟರಿಯೊಳಗಿನ ಒಂದೊಂದು ಸೆಲ್ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಹಾಗೇ ವಾರಗಟ್ಟಲೆ ಇಟ್ಟರೆ ಒಳಗಿನಿಂದ ಹಾಳಾಗುತ್ತದೆ, ಉಬ್ಬುತ್ತದೆ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕುವುದೆಂದರೆ ಬೆಂಕಿಯ ಜೊತೆ ಆಟ. ಒಂದೆರಡು ದಿನದಲ್ಲಿ ಹಾರಿಸುವುದಿಲ್ಲ ಅಂತಾದರೆ ಸೆಲ್ಲಿಗೆ ಸುಮಾರು 3.8 ವೋಲ್ಟಿಗೆ ಇಳಿಸಿ ಇಡಬೇಕು. ಲಿಪೋಗೆಂದೇ ಮಾಡಿದ ಹೆಚ್ಚಿನ ಚಾರ್ಜರ್‌ಗಳಲ್ಲಿ ಇದಕ್ಕೆ ಸ್ಟೋರೇಜ್ ಅಂತ ಒಂದು ಆಯ್ಕೆ ಇರುತ್ತದೆ. ಇವತ್ತೇ ಮಾಡಿ. ಕಪಾಟಿನ ಬಟ್ಟೆ, ಪೇಪರ್‌ಗಳ ನಡುವಿನಿಂದಲೂ ತೆಗೆಯಿರಿ. ಚಾರ್ಜಿಗೆ ಹಾಕಿ ಮಲಗುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. 2200 ಎಂಎಎಚ್ ಬ್ಯಾಟರಿಗೆ 2.2 ಆಂಪಿಯರ್‌ಗಿಂತ ಜಾಸ್ತಿ ಕೊಡಬೇಡಿ, ಬೇಗ ಮುಗಿಯಲಿ ಅನ್ನುವ ಆತುರ ಬೇಡ.

ನೋಡಿ, ಇದನ್ನು ನೀವು ಕೇಳಿಯೇ ಇರಲಿಲ್ಲ. ಕೇಳಬೇಕು ಅಂತ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ವಿಡಿಯೋದಲ್ಲಿ ಹುಡುಕುವುದು ಹೇಗೆ? ಮೈದಾನದಲ್ಲಾದರೆ ನಿಮ್ಮ ಉಬ್ಬಿದ ಬ್ಯಾಟರಿ ನೋಡಿ ಯಾರಾದರೂ ಕೂಗಿಕೊಳ್ಳುತ್ತಾರೆ. ಪ್ರೊಪೆಲ್ಲರ್ ಮುಂದೆ ಕೈ ಇಟ್ಟುಕೊಂಡು ಬ್ಯಾಟರಿ ಸಿಕ್ಕಿಸಲು ಹೋದರೆ ಬೈಯುತ್ತಾರೆ. ಬೈಯಲೇಬೇಕು. ವಿದ್ಯುತ್ ಮೋಟರಿಗೆ ಬೆರಳು ಅಡ್ಡ ಬಂದರೂ ಅದು ನಿಲ್ಲುವುದಿಲ್ಲ, ಇನ್ನಷ್ಟು ಜೋರಾಗಿ ತಿರುಗಲು ನೋಡುತ್ತದೆ. ಆನ್ ಮಾಡುವಾಗ ಮೊದಲು ಟ್ರಾನ್ಸ್‌ಮಿಟರ್, ಆಮೇಲೆ ವಿಮಾನ. ಆಫ್ ಮಾಡುವಾಗ ಮೊದಲು ವಿಮಾನ, ಆಮೇಲೆ ಟ್ರಾನ್ಸ್‌ಮಿಟರ್. ನಾಲ್ಕು ಭಾನುವಾರ ಬೈಸಿಕೊಂಡರೆ ಇದು ಜನ್ಮದಲ್ಲಿ ಮರೆಯುವುದಿಲ್ಲ.

ಮಗಳ ವಿಷಯ. ಕ್ಲಬ್ ಸೇರಲು ನಿಮಗೆ ಇದೊಂದೇ ಕಾರಣ ಸಾಕು ಅನ್ನಿಸುತ್ತದೆ ನನಗೆ. ಬಡ್ಡಿ ಬಾಕ್ಸ್ ಅಂತ ಒಂದು ಏರ್ಪಾಡು ಇದೆ. ಎರಡು ಟ್ರಾನ್ಸ್‌ಮಿಟರ್‌ಗಳನ್ನು ವೈರಿನಿಂದ ಅಥವಾ ವೈರಿಲ್ಲದೆ ಜೋಡಿಸುತ್ತಾರೆ. ಒಂದು ಕಲಿಸುವವರ ಕೈಯಲ್ಲಿ, ಇನ್ನೊಂದು ಕಲಿಯುವವರ ಕೈಯಲ್ಲಿ. ಕಲಿಸುವವರು ಒಂದು ಸ್ವಿಚ್ ಒತ್ತಿ ಹಿಡಿದಿರುವಷ್ಟು ಹೊತ್ತು ವಿಮಾನ ಮಗಳದ್ದು. ಅವಳು ತಪ್ಪಿದಳೋ, ಸ್ವಿಚ್ ಬಿಟ್ಟರಾಯಿತು, ವಿಮಾನ ಇವರ ಕೈಗೆ ಬಂತು. ಮಕ್ಕಳಿಗೆ ಸೈಕಲ್ ಕಲಿಸುವಾಗ ಹಿಂದಿನಿಂದ ಹಿಡಿದುಕೊಂಡು ಓಡುತ್ತೇವಲ್ಲ, ಹಾಗೆ. ಮೇಲೆ ರೆಕ್ಕೆ ಇರುವ, ರೆಕ್ಕೆಯ ತುದಿಗಳು ತುಸು ಮೇಲಕ್ಕೆ ಬಾಗಿರುವ ನಿಧಾನದ ಟ್ರೇನರ್ ವಿಮಾನ ಆದರೆ ಇನ್ನೂ ಒಳ್ಳೆಯದು, ಸ್ಟಿಕ್ ಬಿಟ್ಟರೆ ಅದೇ ನೆಟ್ಟಗಾಗಲು ನೋಡುತ್ತದೆ. ಮಗಳು ನಿಮಗಿಂತ ಬೇಗ ಕಲಿಯುತ್ತಾಳೆ, ಅದಕ್ಕೆ ಮಾತ್ರ ಸಿದ್ಧರಾಗಿರಿ.

ಎಡಬಲದ ಗೊಂದಲ ಮೀರಲು ನನಗೆ ಬಡ್ಡಿ ಬಾಕ್ಸಿನಲ್ಲಿ ಎರಡು ಭಾನುವಾರ ಹಿಡಿಯಿತು. ಒಬ್ಬನೇ ಇದ್ದಾಗ ಪ್ರತಿ ತಪ್ಪಿಗೂ ಒಂದು ವಿಮಾನ. ಮೂರು ವಾರ ಅಂಟಿಸುವುದು, ಮೂರು ನಿಮಿಷ ಹಾರಿಸುವುದು. ಕಲಿಯುವುದು ಹಾರಿಸುವಾಗ ತಾನೇ?

ಹೆಸರಾಂತ ಹಾರಾಟಗಾರರಿಗೂ ಬೇರೆಯವರ ಕಣ್ಣು ಬೇಕಾಗಿದೆ. ಅಮೆರಿಕದ ಮೇನಾರ್ಡ್ ಹಿಲ್ ಹೆಸರು ಕೇಳಿದ್ದೀರಾ? 2003ರ ಆಗಸ್ಟಿನಲ್ಲಿ ಅವರು ಕಟ್ಟಿದ ಮಾದರಿ ವಿಮಾನ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಿಂದ ಹೊರಟು ಅಟ್ಲಾಂಟಿಕ್ ದಾಟಿ ಐರ್ಲೆಂಡಿನಲ್ಲಿ ಇಳಿಯಿತು. ಸುಮಾರು 3,000 ಕಿಲೋಮೀಟರ್, 38 ಗಂಟೆ 52 ನಿಮಿಷ. ಇಂಧನ ಸೇರಿಯೂ 5 ಕಿಲೋಗಿಂತ ಕಡಿಮೆ ತೂಕ. ಆಗ ಹಿಲ್ ಅವರಿಗೆ 77 ವರ್ಷ. ಕಣ್ಣು ಬಹುತೇಕ ಕಾಣುತ್ತಿರಲಿಲ್ಲ, ಕಿವಿಯೂ ಮಂದ. ಕಡಲಿನ ಮೇಲೆ ವಿಮಾನವನ್ನು ನಡೆಸಿದ್ದು ಆಟೋಪೈಲಟ್, ನಿಜ. ಆದರೆ ಈ ದಡದಲ್ಲಿ ಮೇಲೇರಿಸಲು, ಆ ದಡದಲ್ಲಿ ರೇಡಿಯೋ ಹಿಡಿದು ಇಳಿಸಲು ಗೆಳೆಯರಿದ್ದರು. ಅದಕ್ಕೆ ಮುಂಚಿನ ಪ್ರಯತ್ನಗಳು ವಿಫಲವಾಗಿದ್ದವು. ಆದರೂ ಗೆಳೆಯರು ಜೊತೆ ಬಿಡಲಿಲ್ಲ.

ಇನ್ನು ಚಂದಾ, ನಿಯಮ. ಎತ್ತರದ ಮಿತಿ, ನೋಂದಣಿ, ಎಲ್ಲಿ ಹಾರಿಸಬಾರದು ಅನ್ನುವ ಕಾನೂನು ಕ್ಲಬ್ಬಿನ ಒಳಗೂ ಇದೆ, ಹೊರಗೂ ಇದೆ. ಎಷ್ಟೋ ದೇಶಗಳಲ್ಲಿ ವಿಮಾನದ ತೂಕ 250 ಗ್ರಾಂ ದಾಟಿದ ಕೂಡಲೇ ನೋಂದಣಿಯ ಲೆಕ್ಕಕ್ಕೆ ಬರುತ್ತದೆ. ಒಬ್ಬರೇ ಇದ್ದರೆ ಅದನ್ನೆಲ್ಲ ನೀವೇ ಹುಡುಕಿ ಓದಬೇಕು, ಕ್ಲಬ್ಬಿನಲ್ಲಿ ಓದಿದವರು ಇರುತ್ತಾರೆ. ಮೈದಾನದ ಅನುಮತಿ ಅವರ ತಲೆನೋವು. ಹಲವು ಕಡೆ ಸದಸ್ಯತ್ವದ ಜೊತೆಗೆ ವಿಮೆಯೂ ಬರುತ್ತದೆ, ನಿಮ್ಮ ವಿಮಾನ ಯಾರದೋ ಕಾರಿನ ಗಾಜಿಗೆ ಬಿದ್ದ ದಿನ ಅದರ ಬೆಲೆ ಗೊತ್ತಾಗುತ್ತದೆ. ಸೇರುವ ಮೊದಲು ವಿಮೆ ಇದೆಯಾ ಅಂತ ಕೇಳಿ.

ಕ್ಲಬ್ಬುಗಳನ್ನು ಸುಮ್ನೆ ಹೊಗಳುತ್ತಿಲ್ಲ. ಕೆಲವು ಕ್ಲಬ್ಬುಗಳಲ್ಲಿ ಹಳಬರೇ ಒಂದು ಗುಂಪು, ಹೊಸಬರತ್ತ ತಿರುಗಿಯೂ ನೋಡುವುದಿಲ್ಲ. ಫೋಮ್ ವಿಮಾನ ಕಂಡರೆ ಮೂಗು ಮುರಿಯುವವರೂ ಇದ್ದಾರೆ. ಎಲ್ಲವನ್ನೂ ಬಲ್ಲವರು ಒಬ್ಬರಾದರೂ ಇರುತ್ತಾರೆ, ಅವರಿಂದ ತಪ್ಪಿಸಿಕೊಳ್ಳುವುದೂ ಒಂದು ಕಲೆ. ಗಾಳಿ ಚೆನ್ನಾಗಿರುವ ಬೆಳಿಗ್ಗೆ ಸರದಿಗೆ ಕಾಯಬೇಕು. ಹಾಗಾಗಿ ಒಂದೆರಡು ಸಲ ವಿಮಾನವಿಲ್ಲದೆ ಬರಿಗೈಯಲ್ಲಿ ಹೋಗಿ. ಕೂತು ನೋಡಿ. ಯಾರದಾದರೂ ವಿಮಾನ ಬೀಳುವವರೆಗೆ ಕಾಯಿರಿ, ಜಾಸ್ತಿ ಹೊತ್ತು ಕಾಯಬೇಕಾಗಿಲ್ಲ. ಬಿದ್ದಾಗ ಉಳಿದವರು ಏನು ಮಾಡುತ್ತಾರೆ ನೋಡಿ. ನಕ್ಕು ಸುಮ್ಮನಾದರೆ ಬೇರೆ ಕ್ಲಬ್ ಹುಡುಕಿ.

ಒಳ್ಳೆಯ ಕ್ಲಬ್ಬಾದರೆ ಬೇರೆಯೇ ದೃಶ್ಯ. ವಿಮಾನ ದೂರದ ಪೊದೆಗಳ ಆಚೆ ಬಿದ್ದಿದೆ ಅನ್ನಿ. ಹಾರಿಸುತ್ತಿದ್ದವನು ನಿಂತ ಜಾಗ ಬಿಟ್ಟು ಕದಲುವುದಿಲ್ಲ, ಬಿದ್ದ ಕಡೆಗೆ ಕೈ ಚಾಚಿ ನಿಂತಿರುತ್ತಾನೆ. ಮೂರು ನಾಲ್ಕು ಜನ ಆ ಕೈ ತೋರಿಸುವ ಗೆರೆಯಲ್ಲೇ ನಡೆಯುತ್ತಾರೆ, ಎಡಕ್ಕೆ ಬಲಕ್ಕೆ ಅಂತ ಇವನು ಕೂಗುತ್ತಾನೆ. ಹತ್ತಿರ ಹೋದ ಮೇಲೆ ಒಬ್ಬರು, ಆಫ್ ಮಾಡುವ ಕ್ರಮವನ್ನು ಇದೊಂದು ಸಲಕ್ಕೆ ಮುರಿದು, ಟ್ರಾನ್ಸ್‌ಮಿಟರ್ ಆಫ್ ಮಾಡಿಸುತ್ತಾರೆ. ಸಿಗ್ನಲ್ ಸಿಗದಿದ್ದರೆ ಎಷ್ಟೋ ವಿಮಾನಗಳ ಮೋಟರ್ ಬೀಪ್ ಬೀಪ್ ಅನ್ನಲು ಶುರುಮಾಡುತ್ತದೆ. ಎಲ್ಲರೂ ಮಾತು ನಿಲ್ಲಿಸಿ ಕಿವಿ ಕೊಡುತ್ತಾರೆ. ಒಬ್ಬನೇ ಇದ್ದವನಿಗೆ ಇದು ಆಗುವುದಿಲ್ಲ. ನಿಂತರೆ ಹುಡುಕುವವರಿಲ್ಲ, ನಡೆದರೆ ಗೆರೆ ತಪ್ಪುತ್ತದೆ. ನನ್ನ ಎರಡನೇ ವಿಮಾನ ಈಗಲೂ ಯಾವುದೋ ಪೊದೆಯಲ್ಲಿದೆ.

ನಿಮ್ಮ ಮುರಿದ ವಿಮಾನ ಇದೆ ತಾನೇ? ಬಿಸಾಡಬೇಡಿ, ಹೊಸದನ್ನು ಈಗಲೇ ಹಾರಿಸಲೂ ಬೇಡಿ. ಬರಿಗೈಯಲ್ಲಿ ಹೋಗಿ ನೋಡಿದ ಮೇಲೆ, ಆ ಜನ ಹಿಡಿಸಿದರೆ, ಮುಂದಿನ ಸಲ ಮುರಿದದ್ದನ್ನೇ ಚೀಲದಲ್ಲಿ ಹಾಕಿಕೊಂಡು ಮಗಳನ್ನೂ ಕರೆದುಕೊಂಡು ಹೋಗಿ. ಮೇಜಿನ ಮೇಲಿಟ್ಟು, ಏನಾಯಿತು ಅಂತ ಹೇಳಿ. "ಸಿಗ್ನಲ್ ಹೋಯ್ತು" ಅನ್ನುವ ಮಾತು ಬಾಯಿಗೆ ಬಂದರೆ ಬರಲಿ. ಅಲ್ಲಿ ಇರುವವರೆಲ್ಲ ಒಮ್ಮೆಯಾದರೂ ಅದನ್ನೇ ಹೇಳಿದವರು.

– ಸಂ.