ಓಬಿಯ ಚಿನ್ನ ಸೀರೆಯ ಜರಿಯಲ್ಲ

ಪ್ರಶ್ನೆ: ಜಪಾನಿನಲ್ಲಿರುವ ಮಗಳು ಕ್ಯೋಟೋದ ನಿಶಿಜಿನ್ ನೇಯ್ಗೆಯ ಓಬಿ ಕಳಿಸಿದ್ದಾಳೆ. ಕಿಮೊನೋ ಮೇಲೆ ಸೊಂಟಕ್ಕೆ ಸುತ್ತುವ ಪಟ್ಟಿ ಅದು. ರೇಷ್ಮೆ ಸೀರೆಗಳ ಜೊತೆ ಬೀರುವಿನಲ್ಲಿಟ್ಟಿದ್ದೆ. ಮಡಿಕೆ ಬಿದ್ದಲ್ಲಿ ಚಿನ್ನ ಬಿರುಕು ಬಿಡುತ್ತಿದೆ. ಇಸ್ತ್ರಿ ಹಾಕಿದರೆ ಸರಿಹೋದೀತೇ?
– ಓದುಗರು, ಹಾಸನ

ಉತ್ತರ: ಇಸ್ತ್ರಿ ಬೇಡವೇ ಬೇಡ. ನಮ್ಮ ಸೀರೆಯ ಅಸಲಿ ಜರಿಯಲ್ಲಿ ರೇಷ್ಮೆ ಎಳೆಗೆ ಬೆಳ್ಳಿ ತಂತಿ ಸುತ್ತಿ ಚಿನ್ನದ ಲೇಪ ಕೊಟ್ಟಿರುತ್ತಾರೆ. ಹಳೇ ಪದ್ಧತಿಯ ಓಬಿಯಲ್ಲಿ ಹೊಳೆಯುವುದು ಕಾಗದ. 'ವಾಶಿ' ಎಂಬ ಕೈಕಾಗದಕ್ಕೆ ಮೆರುಗೆಣ್ಣೆ ಬಳಿದು, ಚಿನ್ನದ ರೇಕು ಅಂಟಿಸಿ, ಮಿಲಿಮೀಟರಿಗಿಂತ ಕಿರಿದಾಗಿ ಸೀಳುತ್ತಾರೆ. ದಾರಕ್ಕೆ ಸುತ್ತಿದರೆ ಅದು 'ಕಿನ್ಶಿ'. ಪಟ್ಟಿಯನ್ನು ಹಾಗೆಯೇ ಹೊಕ್ಕಾಗಿ ಹಾಕಿದರೆ 'ಹಿಕಿಹಾಕು': ನೇಕಾರರು ಕೊಕ್ಕೆಯಿರುವ ಬಿದಿರು ಕಡ್ಡಿಯಿಂದ ಒಂದೊಂದೇ ಪಟ್ಟಿಯನ್ನು ಕ್ರಮ ತಪ್ಪದಂತೆ ಎಳೆಯುತ್ತಾರೆ. ಒಂದು ಮಗುಚಿದರೂ ಕಾಗದದ ಬೆನ್ನು ಮೇಲೆ ಕಾಣುತ್ತದೆ. ಇಂಥ ಬಟ್ಟೆಗೆ ಹಬೆ ತಾಗಿದರೆ ರೇಷ್ಮೆ ಸೆಳೆದುಕೊಂಡು ರೇಕು ಏಳುತ್ತದೆ.

ಬಿರುಕಿಗೆ ಕಾರಣ ಬಿಗಿ ಮಡಿಕೆ, ಮೇಲಿನ ಸೀರೆಗಳ ಭಾರ. ಬಿಳಿ ಮಲ್ಲು ಬಟ್ಟೆಯನ್ನು ಸುರುಳಿ ಸುತ್ತಿ ಪ್ರತಿ ಮಡಿಕೆಯೊಳಗೆ ಇಡಿ. ಬೆನ್ನಿನ ಗಂಟಿನ ಮೇಲೂ ಹೊಟ್ಟೆಯ ಮೇಲೂ ಕಾಣುವ ಚಿತ್ತಾರದ ನಡುವೆ ಮಡಿಕೆ ಬೀಳಬಾರದು. ಚಿನ್ನದ ಮೈಗಳು ಒಂದಕ್ಕೊಂದು ತಾಗುವಲ್ಲಿ ತೆಳು ಬಿಳಿ ಕಾಗದವಿರಲಿ. ನ್ಯೂಸ್‌ಪೇಪರ್ ಬೇಡ, ಮಸಿ ಹತ್ತುತ್ತದೆ. ಹಳೇ ಪಂಚೆಯಲ್ಲಿ ಸುತ್ತಿ ಎಲ್ಲಕ್ಕಿಂತ ಮೇಲೆ ಇಡಿ, ಪ್ಲಾಸ್ಟಿಕ್ ಕವರಿನಲ್ಲಿ ಅಲ್ಲ. ರಬ್ಬರ್ ಬ್ಯಾಂಡ್ ಹಾಕಬೇಡಿ: ಅದರ ಗಂಧಕಕ್ಕೆ ಬೆಳ್ಳಿ ರೇಕು ಕಪ್ಪಾಗುತ್ತದೆ. ನುಸಿಗುಳಿಗೆಯ ಜೊತೆ ಕರ್ಪೂರ ಇಟ್ಟರೆ ಎರಡೂ ಕರಗಿ ಕಲೆ ಬೀಳುತ್ತದೆ; ಒಂದೇ ಬಗೆ ಸಾಕು, ಅದೂ ಬಟ್ಟೆಗೆ ತಾಗದಂತೆ. ಜನವರಿ–ಫೆಬ್ರವರಿಯ ಒಣ ಹವೆಯಲ್ಲಿ ಕೆಲ ಗಂಟೆ ನೆರಳಿಗೆ ಹರವಿ. ಒಳಗೆ ಹತ್ತಿಯ ಅಸ್ತರಿದ್ದರೆ ಬೂಷ್ಟು ಮೊದಲು ಹಿಡಿಯುವುದು ಅಲ್ಲೇ.

ಈಗಾಗಲೇ ಬಿರಿದದ್ದಕ್ಕೆ ಮನೆಯಲ್ಲಿ ಅಂಟು ಹಚ್ಚಬೇಡಿ. ಮಗಳು ಕ್ಯೋಟೋದ ಕಿಮೊನೋ ರಿಪೇರಿಯವರಿಗೆ ತೋರಿಸಲಿ.

ಪ್ರಶ್ನೆ: ಸಹೋದ್ಯೋಗಿಯ ಮದುವೆಗೆ ಹೋಮೋಂಗಿ, ಅಂದರೆ ಸಮಾರಂಭಕ್ಕೆ ಉಡುವ ಕಿಮೊನೋ, ಬಾಡಿಗೆಗೆ ಸಿಕ್ಕಿದೆ. ಓಬಿ ಕೊಳ್ಳಬೇಕು. ಅಗ್ಗದ ನಗೋಯಾ ಓಬಿ ಸಾಲದೇ?
– ಕನ್ನಡತಿ, ಟೋಕಿಯೋ

ಉತ್ತರ: ಮದುವೆಗೆ ಫುಕುರೋ ಓಬಿಯೇ ಸರಿ. ಅಗಲ ಸುಮಾರು 31 ಸೆಂ.ಮೀ., ಉದ್ದ 4.2 ಮೀಟರಿಗಿಂತ ಹೆಚ್ಚು. ನಗೋಯಾ ಸುಮಾರು 3.6 ಮೀಟರ್ ಅಷ್ಟೇ, ಬೆನ್ನಿಗೆ ಒಂದೇ ಪದರದ ಗಂಟಿಗೆ ಸಾಕಾಗುತ್ತದೆ. ಮದುವೆಗೆ ಕಟ್ಟುವುದು ಎರಡು ಪದರದ 'ನಿಜೂದೈಕೋ', ಸಂತೋಷ ಇಮ್ಮಡಿಯಾಗಲೆಂಬ ಹಾರೈಕೆ ಅದರಲ್ಲಿದೆ. ಎರಡೂ ಪದರಗಳ ಅಂಚು ಕೂಡಿಸಿಕೊಂಡು ಆಮೇಲೆ ಗಂಟಿನೊಳಗೆ ಆಸರೆಗೆ ಕಟ್ಟುವ ಪುಟ್ಟ ದಿಂಬಿನ ಮೇಲೆ ಹಾಯಿಸಿ. ದಿಂಬು ಬೆನ್ನಿಗೆ ಒತ್ತಿ ಕೂರದಿದ್ದರೆ ಇಡೀ ಗಂಟು ಜಾರುತ್ತದೆ.

ಕೊಳ್ಳುವಾಗ 'ರೊಕುತ್ಸೂ' ಎಂದರೆ ಎಚ್ಚರ. ಅದರಲ್ಲಿ ಚಿತ್ತಾರ ಉದ್ದದ ಸುಮಾರು ಶೇ. 60 ಭಾಗಕ್ಕಷ್ಟೇ. ಮೊದಲ ಸುತ್ತಿನಲ್ಲಿ ಮರೆಯಾಗುವ ಕಡೆ ಬಟ್ಟೆ ಖಾಲಿ. ಸೊಂಟ ತುಸು ದಪ್ಪವಿದ್ದರೆ ಆ ಖಾಲಿ ಭಾಗ ಹೊರಗೆ ಕಂಡೀತು. ಅಂಗಡಿಯಲ್ಲೇ ಎರಡು ಸುತ್ತು ಸುತ್ತಿ ನೋಡಿ.

ಪ್ರಶ್ನೆ: ಹಳೇ ಓಬಿ ನಿಶಿಜಿನ್‌ದೇ ಎಂದು ತಿಳಿಯುವುದು ಹೇಗೆ?
– ಓದುಗರು, ಧಾರವಾಡ

ಉತ್ತರ: ತುದಿಯಲ್ಲಿ ನಿಶಿಜಿನ್ ನೇಯ್ಗೆ ಸಂಘದ ಚೀಟಿ ಇದೆಯೇ ನೋಡಿ. ಅದರ ಮೇಲಿನ ಸಂಖ್ಯೆ ನೇಯ್ದ ಮನೆತನದ್ದು, ಬೆಲೆಯದಲ್ಲ. ಉಟ್ಟ ಓಬಿಯಲ್ಲಿ ಚೀಟಿ ಕಿತ್ತುಹೋಗಿರುವುದು ಮಾಮೂಲು. ಚೀಟಿ ಇಲ್ಲವೆಂದ ಮಾತ್ರಕ್ಕೆ ನಕಲಿ ಎನ್ನಲಾಗದು.