ಬಾಕ್ಸಿಂಗ್‌ನ ಗಂಧಗಾಳಿ ಇಲ್ಲದವರಿಗೂ ‘ದಿ ರಾಯಲ್’ ನಾಟಕ ರುಚಿಸುತ್ತದೆಯೇ?

ರುಚಿಸುತ್ತದೆ, ಧೈರ್ಯವಾಗಿ ಓದಿ. ಇಬ್ಬರು ಮುಖ ಜಜ್ಜಿಕೊಳ್ಳುವುದು ಟಿ.ವಿ.ಯಲ್ಲಿ ಕಂಡರೆ ಚಾನೆಲ್ ಬದಲಿಸುವವನು ನಾನು. ಮಾರ್ಕೊ ರಮಿರೆಜ್ ಅವರ ಈ ನಾಟಕದಲ್ಲಿ ಒಂದು ಏಟೂ ಯಾರಿಗೂ ತಾಗುವುದಿಲ್ಲ. ಚಪ್ಪಾಳೆ, ನೆಲಕ್ಕೆ ಕಾಲು ಅಪ್ಪಳಿಸುವ ಸದ್ದು, ನಡುನಡುವೆ ಮನಸ್ಸಿನೊಳಗಿನ ಮಾತು, ಇಷ್ಟರಲ್ಲೇ ಕಾಳಗ ಮುಗಿಯುತ್ತದೆ. ಚೆಂಡೆಯ ಪೆಟ್ಟಿಗೆ ಯಕ್ಷಗಾನದ ವೇಷಗಳು ಯುದ್ಧ ಮಾಡುವುದನ್ನು ನೋಡಿದವರಿಗೆ ಇದು ಹೊಸದೆನಿಸುವುದಿಲ್ಲ.

ನಾಯಕ ಜೇ ಜಾಕ್ಸನ್ ಕಲ್ಪಿತ ಪಾತ್ರ. ಅವನ ಬೆನ್ನ ಹಿಂದೆ ಇರುವವನು ಜಾಕ್ ಜಾನ್ಸನ್, ಹೆವಿವೇಟ್ ವಿಶ್ವಪಟ್ಟ ಗೆದ್ದ ಮೊದಲ ಕಪ್ಪು ಬಾಕ್ಸರ್. ಆ ಪಟ್ಟ ಕಟ್ಟಿಕೊಂಡ ಬಿಳಿಯರು ಕಪ್ಪು ಎದುರಾಳಿಯೊಡನೆ ಕಣಕ್ಕಿಳಿಯಲು ಒಪ್ಪುತ್ತಲೇ ಇರಲಿಲ್ಲ. ಆಗಿನ ಬಿಳಿಯ ಚಾಂಪಿಯನ್ ಟಾಮಿ ಬರ್ನ್ಸ್‌ನ ಬೆನ್ನು ಬಿಡದೆ ಜಾನ್ಸನ್ ಸಿಡ್ನಿಯವರೆಗೂ ಹೋದ. 1908ರಲ್ಲಿ ಅಲ್ಲಿ ಬರ್ನ್ಸ್‌ನನ್ನು ಹಣ್ಣುಗಾಯಿ ಮಾಡಿದಾಗ ಪೊಲೀಸರೇ ನಡುವೆ ಬಂದು ಪಂದ್ಯ ನಿಲ್ಲಿಸಬೇಕಾಯಿತು. ಆಮೇಲೆ, ಆಟ ಬಿಟ್ಟು ಮನೆಯಲ್ಲಿದ್ದ ಹಳೆಯ ಚಾಂಪಿಯನ್ ಜಿಮ್ ಜೆಫ್ರೀಸ್‌ನನ್ನು ಬಿಳಿಯರ ಮಾನ ಉಳಿಸಲೆಂದು ಎಬ್ಬಿಸಿ ತಂದರು. 1910ರ ಜುಲೈ 4ರಂದು ಅಮೆರಿಕದ ರೀನೊದಲ್ಲಿ, 15ನೇ ಸುತ್ತಿನಲ್ಲಿ, ಅವನೂ ಸೋತ. ಸುದ್ದಿ ಹಬ್ಬಿದ್ದೇ ತಡ, ಅಮೆರಿಕದ ಹಲವು ಊರುಗಳಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರ ಮೇಲೆ ಬಿದ್ದವು. ಗೆದ್ದವನು ಕಣದಲ್ಲಿದ್ದ, ಸತ್ತವರು ಬೀದಿಯಲ್ಲಿದ್ದರು.

ನಾಟಕ ಹಿಡಿದಿರುವುದು ಈ ಎಳೆಯನ್ನೇ. ಬಿಳಿಯ ಚಾಂಪಿಯನ್‌ನೊಡನೆ ಪಂದ್ಯಕ್ಕೆ ಮುಂಚೆ ಜೇಯ ಸಹೋದರಿ ನೀನಾ ಬರುತ್ತಾಳೆ. ಅವನು ಸೋತಾನೆಂಬ ಚಿಂತೆ ಅವಳಿಗಿಲ್ಲ, ಗೆದ್ದರೆ ಮನೆಯವರ ಗತಿಯೇನು ಎಂಬುದೇ ಅವಳ ಭಯ. ಆ ಚಾಂಪಿಯನ್ ಕೊನೆಯವರೆಗೂ ರಂಗಕ್ಕೆ ಬರುವುದಿಲ್ಲ. ಕೊನೆಯ ಕಾಳಗದಲ್ಲಿ ಅವನ ಜಾಗದಲ್ಲಿ ನಿಲ್ಲುವವಳು ನೀನಾ! ಓದುತ್ತಿದ್ದವನು ಅಲ್ಲಿ ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಅಣ್ಣತಂಗಿಯರ ಅಕ್ಕತಮ್ಮಂದಿರ ಜಗಳವನ್ನು ಬೇಕಾದಷ್ಟು ನಾಟಕಗಳಲ್ಲಿ ಓದಿದ್ದೇನೆ, ಇಂಥದ್ದನ್ನು ಓದಿರಲಿಲ್ಲ.

ಹೆಸರಿನ ಗುಟ್ಟು ತರಬೇತುದಾರ ವಿಂಟನ್‌ನ ಮಾತಿನಲ್ಲಿದೆ. ಕಪ್ಪು ಹುಡುಗರ ಕಣ್ಣಿಗೆ ಬಟ್ಟೆ ಕಟ್ಟಿ, ಎಲ್ಲರನ್ನೂ ಒಂದೇ ಕಣಕ್ಕೆ ನೂಕಿ ಬಡಿದಾಡಿಸುವ ಮೋಜು ಆಗ ಇತ್ತು. ಕೊನೆಗೆ ನಿಂತವನು ನೋಡುಗರು ಎಸೆದ ಚಿಲ್ಲರೆಯನ್ನು ಆಯ್ದುಕೊಳ್ಳಬೇಕು. ಅದಕ್ಕೆ ‘ಬ್ಯಾಟಲ್ ರಾಯಲ್’ ಎನ್ನುತ್ತಿದ್ದರು.

ಒಂದು ಮಾತು: ಓದುವಾಗ ಚಪ್ಪಾಳೆಯ ಸೂಚನೆಗಳನ್ನು ಹಾರಿಸಬೇಡಿ. ಮೊದಲ ಸಲ ನಾನು ಹಾರಿಸಿದ್ದೆ, ನಾಟಕ ಸಪ್ಪೆ ಎನಿಸಿತ್ತು. ಎರಡನೆಯ ಸಲ ಮೇಜಿನ ಮೇಲೆ ಕೈ ತಟ್ಟುತ್ತ ಓದಿದೆ. ಏನಾಯಿತೆಂದು ಪಕ್ಕದ ಕೋಣೆಯಿಂದ ಹೆಂಡತಿ ಬಂದು ನೋಡಿದಳು.